ಅರ್ನೆಸ್ಟ್ ಶ್ಯಾಕಲ್ಟನ್ ಮತ್ತು ಹಿಮದ ಕೊಲ್ಲಿ



ನಿಮ್ಮ ಶಾಲೆಯ ಗ್ಲೋಬನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಮೊದಲು ಯುರೋಪಿನ ಪಶ್ಚಿಮದಲ್ಲಿರುವ ಐರ್ಲೆಂಡನ್ನು ಹುಡುಕಿ. ಅದು ಸುಮಾರು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಈಗ ಗ್ಲೋಬನ್ನು ತಿರುಗಿಸಿ ದಕ್ಷಿಣ ಅಟ್ಲಾಂಟಿಕ್ ಸಾಗರಕ್ಕೆ ಬನ್ನಿ. ದಕ್ಷಿಣ ಅಮೆರಿಕದ ತುದಿಯಿಂದ ಪೂರ್ವಕ್ಕೆ ಬೆರಳು ಸರಿಸುತ್ತಾ ಹೋದರೆ, ಸುಮಾರು 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಚಿಕ್ಕ ಗೆರೆಯಂಥ ದ್ವೀಪವೊಂದು ಕಾಣುತ್ತದೆ. ಅದೇ ದಕ್ಷಿಣ ಜಾರ್ಜಿಯಾ.

ಎರಡು ಸ್ಥಳಗಳೂ ಸಮಭಾಜಕ ವೃತ್ತದಿಂದ ಹೆಚ್ಚು ಕಡಿಮೆ ಒಂದೇ ದೂರದಲ್ಲಿವೆ. ಆದರೆ ಐರ್ಲೆಂಡಿನಲ್ಲಿ ಹಸಿರು ಹೊಲಗಳು, ಹಸುಗಳು, ಪಟ್ಟಣಗಳು ಇವೆ. ದಕ್ಷಿಣ ಜಾರ್ಜಿಯಾದ ಅರ್ಧಕ್ಕಿಂತ ಹೆಚ್ಚು ಭಾಗ ಮಂಜುಗಡ್ಡೆಯಿಂದ ಮುಚ್ಚಿದೆ. ಅಲ್ಲಿ ಒಂದು ಮರವೂ ಬೆಳೆಯುವುದಿಲ್ಲ. ಏಕೆ ಹೀಗೆ? ಉತ್ತರ ಸಮುದ್ರದಲ್ಲಿದೆ. ಐರ್ಲೆಂಡಿನ ತೀರಕ್ಕೆ ಉಷ್ಣವಲಯದ ಕಡೆಯಿಂದ ಬೆಚ್ಚನೆಯ ಪ್ರವಾಹ ಹರಿದು ಬರುತ್ತದೆ. ದಕ್ಷಿಣ ಜಾರ್ಜಿಯಾವನ್ನು ಅಂಟಾರ್ಕ್ಟಿಕದ ಕೊರೆಯುವ ತಣ್ಣೀರು ಸುತ್ತುವರಿದಿದೆ. ಒಂದು ಪ್ರದೇಶದ ಹವೆಯನ್ನು ಅಕ್ಷಾಂಶ ಮಾತ್ರವೇ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇವೆರಡೂ ಒಳ್ಳೆಯ ಉದಾಹರಣೆ.

ಈ ಸಂಚಿಕೆಯಲ್ಲಿ ನೀವು ಪರಿಚಯ ಮಾಡಿಕೊಳ್ಳಲಿರುವ ವ್ಯಕ್ತಿ ಮೊದಲನೆಯ ಸ್ಥಳದಲ್ಲಿ ಹುಟ್ಟಿದರು. ಎರಡನೆಯ ಸ್ಥಳದಲ್ಲಿ ಮಣ್ಣಾದರು. ಅವರ ಹೆಸರು ಅರ್ನೆಸ್ಟ್ ಶ್ಯಾಕಲ್ಟನ್.

ಹಡಗು ಹತ್ತಿದ ಹುಡುಗ

ಶ್ಯಾಕಲ್ಟನ್ ಹುಟ್ಟಿದ್ದು 1874ರ ಫೆಬ್ರವರಿ 15ರಂದು, ಐರ್ಲೆಂಡಿನ ಕಿಲ್ಕೀ ಎಂಬ ಹಳ್ಳಿಯಲ್ಲಿ. ಹತ್ತು ಮಕ್ಕಳಲ್ಲಿ ಅವರು ಎರಡನೆಯವರು. ತಂದೆ ಮೊದಲು ಬೇಸಾಯ ಮಾಡುತ್ತಿದ್ದರು. ಆಮೇಲೆ ವೈದ್ಯಕೀಯ ಓದಿ ವೈದ್ಯರಾದರು. ಕುಟುಂಬ ಲಂಡನ್ನಿಗೆ ಹೋಗಿ ನೆಲೆಸಿತು. ಮಗನೂ ವೈದ್ಯನಾಗಲಿ ಎಂಬುದು ತಂದೆಯ ಆಸೆ. ಮಗನಿಗೆ ಕಥೆ ಪುಸ್ತಕಗಳೆಂದರೆ ಪ್ರಾಣ, ತರಗತಿಯ ಪಾಠವೆಂದರೆ ಬೇಸರ. 16ನೆಯ ವಯಸ್ಸಿಗೆ ಶಾಲೆ ಬಿಟ್ಟು, 1890ರಲ್ಲಿ ಹಾಯಿಹಡಗೊಂದರಲ್ಲಿ ಕೆಲಸಕ್ಕೆ ಸೇರಿದರು.

ಆದರೆ ಓದು ಅವರನ್ನು ಬಿಡಲಿಲ್ಲ! ಹಡಗು ನಡೆಸಲು ನಕ್ಷತ್ರಗಳ ಸ್ಥಾನ, ಕೋನಗಳ ಲೆಕ್ಕ, ಗಾಳಿಯ ದಿಕ್ಕು, ನಕ್ಷೆ ಎಲ್ಲವೂ ಗೊತ್ತಿರಬೇಕು. ಅವನ್ನೆಲ್ಲ ಕಲಿತು ಒಂದೊಂದೇ ಪರೀಕ್ಷೆ ಪಾಸು ಮಾಡಿ, 1898ರಲ್ಲಿ ಹಡಗಿನ ನಾಯಕನಾಗಲು ಬೇಕಾದ ಅರ್ಹತೆ ಪಡೆದರು.

ಮುಟ್ಟದೆ ಬಿಟ್ಟ ಧ್ರುವ

ಆ ಕಾಲದಲ್ಲಿ ದಕ್ಷಿಣ ಧ್ರುವವನ್ನು ಯಾರೂ ತಲುಪಿರಲಿಲ್ಲ. 1901ರಲ್ಲಿ ರಾಬರ್ಟ್ ಸ್ಕಾಟ್ ಎಂಬ ನೌಕಾಧಿಕಾರಿಯ ತಂಡದಲ್ಲಿ ಶ್ಯಾಕಲ್ಟನ್ ಅಂಟಾರ್ಕ್ಟಿಕಕ್ಕೆ ಹೋದರು. ಹಿಮದ ಮೇಲೆ ನಡೆಯುವಾಗ ಅವರಿಗೆ ಸ್ಕರ್ವಿ ರೋಗ ಬಂತು. ಹಣ್ಣು, ತರಕಾರಿ, ತಾಜಾ ಮಾಂಸ ಸಿಗದೆ ದೇಹದಲ್ಲಿ ‘ಸಿ’ ಜೀವಸತ್ವ ಕಡಿಮೆಯಾದಾಗ ಬರುವ ರೋಗ ಇದು. 1903ರಲ್ಲಿ ಅವರನ್ನು ಮನೆಗೆ ಕಳುಹಿಸಲಾಯಿತು.

1907ರಲ್ಲಿ ಅವರೇ ಒಂದು ತಂಡ ಕಟ್ಟಿಕೊಂಡು ಮತ್ತೆ ಹೊರಟರು. 1909ರ ಜನವರಿ 9ರಂದು ಮೂವರು ಸಂಗಡಿಗರೊಡನೆ ದಕ್ಷಿಣ ಧ್ರುವಕ್ಕೆ ಸುಮಾರು 180 ಕಿ.ಮೀ. ದೂರದವರೆಗೆ ತಲುಪಿದರು. ಅಲ್ಲಿಯವರೆಗೆ ಅಷ್ಟು ದಕ್ಷಿಣಕ್ಕೆ ಯಾರೂ ಹೋಗಿರಲಿಲ್ಲ. ಆಗ ಅವರು ಉಳಿದಿದ್ದ ಆಹಾರದ ಲೆಕ್ಕ ಹಾಕಿದರು. ಮುಂದೆ ಹೋದರೆ ಧ್ರುವ ಮುಟ್ಟಬಹುದು, ಆದರೆ ಹಿಂದಿರುಗುವ ದಾರಿಯಲ್ಲಿ ಎಲ್ಲರೂ ಹಸಿವಿನಿಂದ ಸಾಯಬಹುದು. ಅಲ್ಲಿಂದಲೇ ಹಿಂತಿರುಗಿದರು. ನಾಲ್ವರೂ ಬದುಕಿ ಬಂದರು.

1911ರ ಡಿಸೆಂಬರ್ 14ರಂದು ನಾರ್ವೆಯ ರೋಲ್ಡ್ ಅಮುಂಡ್ಸೆನ್ ಧ್ರುವ ತಲುಪಿದರು. ಒಂದು ತಿಂಗಳ ನಂತರ ಸ್ಕಾಟ್ ಅವರ ತಂಡವೂ ತಲುಪಿತು, ಆದರೆ ಹಿಂದಿರುಗುವಾಗ ಐವರೂ ಪ್ರಾಣ ಕಳೆದುಕೊಂಡರು. ಶ್ಯಾಕಲ್ಟನ್ ಹಾಕಿದ ಆ ಲೆಕ್ಕದ ಬೆಲೆ ಈಗ ನಿಮಗೆ ತಿಳಿಯಿತಲ್ಲವೆ?

ಹಿಮದ ಹಿಡಿತದಲ್ಲಿ ಹಡಗು

ಧ್ರುವ ಮುಟ್ಟಿಯಾಗಿತ್ತು. ಇನ್ನು ಅಂಟಾರ್ಕ್ಟಿಕ ಖಂಡವನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ದಾಟಬೇಕೆಂದು ಶ್ಯಾಕಲ್ಟನ್ ಯೋಜಿಸಿದರು. 1914ರಲ್ಲಿ ಎಂಡ್ಯೂರೆನ್ಸ್ ಎಂಬ ಹಡಗಿನಲ್ಲಿ ಹೊರಟು, ನವೆಂಬರ್‌ನಲ್ಲಿ ದಕ್ಷಿಣ ಜಾರ್ಜಿಯಾದ ಗ್ರಿಟ್ವಿಕೆನ್ ಬಂದರನ್ನು ಸೇರಿದರು. ನಾರ್ವೆಯ ತಿಮಿಂಗಿಲ ಬೇಟೆಗಾರರು ಅಲ್ಲಿ ನೆಲೆಸಿದ್ದರು. ಆ ವರ್ಷ ಸಮುದ್ರದಲ್ಲಿ ಮಂಜುಗಡ್ಡೆ ಬಹಳ ಇದೆ ಎಂದು ಅವರು ಎಚ್ಚರಿಸಿದರು. ಒಂದು ತಿಂಗಳು ಕಾದ ಮೇಲೆ, ಡಿಸೆಂಬರ್ 5ರಂದು ಹಡಗು ದಕ್ಷಿಣಕ್ಕೆ ಹೊರಟಿತು.

ಬೇಟೆಗಾರರು ಹೇಳಿದಂತೆಯೇ ಆಯಿತು. 1915ರ ಜನವರಿಯಲ್ಲಿ ಹಡಗು ವೆಡೆಲ್ ಸಮುದ್ರದ ಮಂಜುಗಡ್ಡೆಗಳ ನಡುವೆ ಸಿಕ್ಕಿಕೊಂಡಿತು. ಗಾಳಿ ಮತ್ತು ಪ್ರವಾಹಗಳು ಗಡ್ಡೆಗಳನ್ನು ಒಂದರ ಮೇಲೊಂದು ಒತ್ತುತ್ತಿದ್ದವು. ಒಂಬತ್ತು ತಿಂಗಳ ಆ ಒತ್ತಡಕ್ಕೆ ಹಡಗಿನ ದಪ್ಪ ಮರದ ತೊಲೆಗಳು ಮುರಿದವು. ಅಕ್ಟೋಬರ್ 27ರಂದು 28 ಜನರೂ ಹಡಗು ಬಿಟ್ಟು ಮಂಜುಗಡ್ಡೆಯ ಮೇಲೆ ಡೇರೆ ಹಾಕಿದರು. ನವೆಂಬರ್ 21ರಂದು ಹಡಗು ಮುಳುಗಿತು.

ಖಂಡ ದಾಟುವ ಯೋಜನೆ ಅಲ್ಲಿಗೆ ಮುಗಿಯಿತು. ಎಲ್ಲರನ್ನೂ ಜೀವಂತವಾಗಿ ಮನೆಗೆ ಮುಟ್ಟಿಸುವುದೇ ಶ್ಯಾಕಲ್ಟನ್ ಅವರ ಹೊಸ ಗುರಿಯಾಯಿತು.

ತಿಂಗಳುಗಟ್ಟಲೆ ಅವರು ತೇಲುವ ಗಡ್ಡೆಯ ಮೇಲೆ ಬದುಕಿದರು. ಗಡ್ಡೆ ಒಡೆಯತೊಡಗಿದಾಗ ಮೂರು ದೋಣಿಗಳಲ್ಲಿ ಹೊರಟು, 1916ರ ಏಪ್ರಿಲ್ 15ರಂದು ಎಲಿಫೆಂಟ್ ದ್ವೀಪವನ್ನು ಸೇರಿದರು. ಅದೊಂದು ಬಂಡೆ ಮತ್ತು ಹಿಮದ ದ್ವೀಪ. ಆ ದಾರಿಯಲ್ಲಿ ಯಾವ ಹಡಗೂ ಬರುವುದಿಲ್ಲ. ಯಾರಾದರೂ ಹೋಗಿ ಸಹಾಯ ತರಲೇಬೇಕಿತ್ತು.

ಪುಟ್ಟ ದೋಣಿ, ದೊಡ್ಡ ಕಡಲು

ಎಲ್ಲಿಗೆ ಹೋಗುವುದು? ನಕ್ಷೆಯಲ್ಲಿ ಫಾಕ್ಲೆಂಡ್ ದ್ವೀಪಗಳು ಹತ್ತಿರವಿದ್ದವು, ದಕ್ಷಿಣ ಜಾರ್ಜಿಯಾ ದೂರವಿತ್ತು. ಆದರೂ ಶ್ಯಾಕಲ್ಟನ್ ದೂರದ ದ್ವೀಪವನ್ನೇ ಆರಿಸಿದರು. ಕಾರಣವೇನು ಗೊತ್ತೆ? ಆ ಅಕ್ಷಾಂಶಗಳಲ್ಲಿ ಭೂಮಿಯ ಸುತ್ತಲೂ ಬಹುಪಾಲು ಸಮುದ್ರವೇ ಇದೆ. ತಡೆಯುವ ನೆಲವಿಲ್ಲದ್ದರಿಂದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಬೀಸುತ್ತದೆ, ಪ್ರವಾಹವೂ ಅದೇ ದಿಕ್ಕಿಗೆ ಹರಿಯುತ್ತದೆ. ಹತ್ತಿರದ ಜಾಗಕ್ಕೆ ಹೋಗಲು ಗಾಳಿಗೆ ಎದುರಾಗಬೇಕಿತ್ತು. ದೂರದ ಜಾಗಕ್ಕೆ ಗಾಳಿಯೇ ದೋಣಿಯನ್ನು ತಳ್ಳುತ್ತಿತ್ತು.

ಏಪ್ರಿಲ್ 24ರಂದು ಆರು ಜನ ಜೇಮ್ಸ್ ಕೇರ್ಡ್ ಎಂಬ ದೋಣಿಯಲ್ಲಿ ಹೊರಟರು. ಅದರ ಉದ್ದ ಏಳು ಮೀಟರಿಗಿಂತ ಕಡಿಮೆ. ದಾರಿ ಸುಮಾರು 1,500 ಕಿ.ಮೀ. ತಂಡದ ಬಡಗಿ ಮೆಕ್‌ನಿಶ್ ದೋಣಿಯ ಪಕ್ಕಗಳನ್ನು ಎತ್ತರಿಸಿ, ಮೇಲೆ ಮರದ ತುಂಡು ಮತ್ತು ಕ್ಯಾನ್ವಾಸ್ ಹೊದಿಸಿದ್ದರು. ಅಲೆಗಳ ನೀರು ದೋಣಿಯ ಮೇಲೆ ಹೆಪ್ಪುಗಟ್ಟಿ ಭಾರವಾದಾಗ ಅದನ್ನು ಒಡೆದು ಎಸೆಯುತ್ತಿದ್ದರು. ಸೂರ್ಯ ಮೋಡದ ಮರೆಯಿಂದ ಹೊರಬಂದದ್ದು ಬೆರಳೆಣಿಕೆಯಷ್ಟು ಸಲ. ಆ ಕ್ಷಣಗಳಲ್ಲೇ ವರ್ಸ್ಲಿ ಎಂಬ ನಾವಿಕ, ಕುಣಿಯುವ ದೋಣಿಯಲ್ಲಿ ನಿಂತು, ಸೆಕ್ಸ್‌ಟೆಂಟ್ ಎಂಬ ಉಪಕರಣದಿಂದ ಸೂರ್ಯನ ಕೋನ ಅಳೆದು ತಾವು ಎಲ್ಲಿದ್ದೇವೆಂದು ಲೆಕ್ಕ ಹಾಕಿದರು. ಲೆಕ್ಕ ಸ್ವಲ್ಪ ತಪ್ಪಿದರೂ ದ್ವೀಪವನ್ನು ದಾಟಿ ತೆರೆದ ಸಾಗರಕ್ಕೆ ಹೋಗಿಬಿಡುತ್ತಿದ್ದರು!

ಎರಡು ವಾರಗಳ ನಂತರ ನೀರಿನ ಮೇಲೆ ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿ ತೇಲುತ್ತಿರುವುದು ಕಂಡಿತು. ಕೆಲ್ಪ್ ತೀರದ ಬಂಡೆಗಳಿಗೆ ಅಂಟಿಕೊಂಡು ಬೆಳೆಯುತ್ತದೆ. ಆಮೇಲೆ ಶ್ಯಾಗ್ ಎಂಬ ಜಾತಿಯ ನೀರುಕಾಗೆಗಳು ಕಂಡವು. ಇವು ತೀರ ಬಿಟ್ಟು ಬಹಳ ದೂರ ಹಾರುವುದಿಲ್ಲ. ನೆಲ ಹತ್ತಿರವಿದೆ ಎಂದು ಒಂದು ಪಾಚಿ, ಒಂದು ಹಕ್ಕಿ ಅವರಿಗೆ ತಿಳಿಸಿದವು.

ಕೊಲ್ಲಿ ಹೇಗಿದೆ?

ನೆಲ ಕಂಡರೂ ಬಿರುಗಾಳಿಯಿಂದಾಗಿ ದಡ ಸೇರಲಾಗಲಿಲ್ಲ. ಕೊನೆಗೆ ಮೇ 10ರ ಸಂಜೆ ದೋಣಿ ಒಂದು ಕೊಲ್ಲಿಯ ಬಾಯಿಯೊಳಗೆ ನುಗ್ಗಿತು. ಅದೇ ಕಿಂಗ್ ಹಾಕೊನ್ ಕೊಲ್ಲಿ. ನಾರ್ವೆಯ ರಾಜ 7ನೆಯ ಹಾಕೊನ್ ಅವರ ಹೆಸರು ಅದಕ್ಕಿದೆ.

ದಕ್ಷಿಣ ಜಾರ್ಜಿಯಾ ಸುಮಾರು 165 ಕಿ.ಮೀ. ಉದ್ದದ, ಸಪೂರವಾದ ದ್ವೀಪ. ಬೆನ್ನುಮೂಳೆಯಂತೆ ಪರ್ವತ ಸಾಲು ಉದ್ದಕ್ಕೂ ಹಬ್ಬಿದೆ. ಅತಿ ಎತ್ತರದ ಪ್ಯಾಜೆಟ್ ಶಿಖರ 2,900 ಮೀಟರಿಗೂ ಮೇಲಿದೆ. ನೈರುತ್ಯದ ತೀರ ಬಿರುಗಾಳಿಗೆ ಎದುರಾಗಿ ನಿಂತಿದೆ. ಈಶಾನ್ಯದ ತೀರ ಪರ್ವತಗಳ ಮರೆಯಲ್ಲಿದೆ. ಆದ್ದರಿಂದಲೇ ತಿಮಿಂಗಿಲ ಬೇಟೆಗಾರರ ಬಂದರುಗಳೆಲ್ಲ ಈಶಾನ್ಯದಲ್ಲಿದ್ದವು. ಕಿಂಗ್ ಹಾಕೊನ್ ಕೊಲ್ಲಿ ಇರುವುದು ಬಿರುಗಾಳಿಯ ಬದಿಯಲ್ಲಿ. ಅಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಕೊಲ್ಲಿ ಸುಮಾರು 13 ಕಿ.ಮೀ. ಉದ್ದ, 4 ಕಿ.ಮೀ. ಅಗಲ ಇದೆ. ಹಿಂದೆ ದೊಡ್ಡ ಹಿಮನದಿಗಳು ಕಣಿವೆಯನ್ನು ಆಳವಾಗಿ ಕೊರೆದವು. ಆಮೇಲೆ ಆ ಕಣಿವೆಗೆ ಸಮುದ್ರದ ನೀರು ತುಂಬಿತು. ಇಂಥ ಕೊಲ್ಲಿಗೆ ಫಿಯಾರ್ಡ್ ಎನ್ನುತ್ತಾರೆ. ಇಕ್ಕೆಲಗಳಲ್ಲೂ ಕಡಿದಾದ ಬೆಟ್ಟಗಳು, ಅವುಗಳ ಸಂದುಗಳಿಂದ ಇಳಿದು ಬರುವ ಹಿಮನದಿಗಳು, ಕೊಲ್ಲಿಯ ತಲೆಯ ಭಾಗದಲ್ಲಿ ಮಾತ್ರ ಒಂದು ತಗ್ಗಾದ ಹಿಮದ ಇಳಿಜಾರು. ಈ ತಗ್ಗನ್ನು ನೆನಪಿಟ್ಟುಕೊಳ್ಳಿ. ಈಗ ಅದರ ಹೆಸರು ಶ್ಯಾಕಲ್ಟನ್ ಗ್ಯಾಪ್.

ಕೊಲ್ಲಿ ಕೊಟ್ಟ ಆಸರೆ

ದಡಕ್ಕೆ ಕಾಲಿಟ್ಟ ಆರು ಜನ ಮೊದಲು ಮಾಡಿದ್ದೇನು? ಹರಿಯುವ ತೊರೆಯ ಬಳಿ ಮೊಣಕಾಲೂರಿ ನೀರು ಕುಡಿದರು. ದೋಣಿಯಲ್ಲಿದ್ದ ಕುಡಿಯುವ ನೀರಿಗೆ ಉಪ್ಪುನೀರು ಬೆರೆತಿತ್ತು. ಪಕ್ಕದಲ್ಲೇ ಬಂಡೆಯಲ್ಲಿ ಒಂದು ಪೊಟರೆ ಇತ್ತು. ಅದರ ಬಾಯಿಗೆ ಉದ್ದುದ್ದ ಹಿಮದ ಕೋಲುಗಳು ಪರದೆಯಂತೆ ಇಳಿಬಿದ್ದಿದ್ದವು. ಅದರೊಳಗೆ ಟಸಾಕ್ ಎಂಬ ಹುಲ್ಲನ್ನು ಹಾಸಿಕೊಂಡು ಮಲಗಿದರು. ಈ ಹುಲ್ಲು ಆಳೆತ್ತರ ಬೆಳೆಯುತ್ತದೆ. ಕಡಲಹಕ್ಕಿಗಳು, ಸೀಲ್‌ಗಳು ಇದರ ಗಿಡ್ಡೆಗಳ ನಡುವೆ ಗಾಳಿಯಿಂದ ರಕ್ಷಣೆ ಪಡೆಯುತ್ತವೆ.

ಮೇಲಿನ ಇಳಿಜಾರಿನಲ್ಲಿ ಆಲ್ಬಟ್ರಾಸ್ ಹಕ್ಕಿಗಳ ಗೂಡುಗಳಿದ್ದವು. ಅಲ್ಲಿ ಮೇ ತಿಂಗಳೆಂದರೆ ಚಳಿಗಾಲದ ಆರಂಭ. ಬಹಳಷ್ಟು ಹಕ್ಕಿಗಳು ಆಗ ಮರಿಗಳನ್ನು ಬೆಳೆಸಿ ಮುಗಿಸಿರುತ್ತವೆ. ಆದರೆ ಅಲೆಮಾರಿ ಆಲ್ಬಟ್ರಾಸ್ ಎಂಬ ಜಾತಿಯ ಮರಿ ಚಳಿಗಾಲವಿಡೀ ಗೂಡಿನಲ್ಲೇ ಕುಳಿತಿರುತ್ತದೆ. ತಂದೆ ತಾಯಿ ಸಾಗರದ ಮೇಲೆ ಸಾವಿರಾರು ಕಿಲೋಮೀಟರ್ ಹಾರಿ ಅದಕ್ಕೆ ಆಹಾರ ತರುತ್ತವೆ. ಈ ಹಕ್ಕಿಯ ರೆಕ್ಕೆಗಳ ಅಗಲ ಮೂರು ಮೀಟರಿಗೂ ಹೆಚ್ಚು. ಅದು ಎರಡು ವರ್ಷಕ್ಕೊಮ್ಮೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಹಸಿದು ಸೊರಗಿದ್ದ ಆ ಆರು ಜನ ಆಲ್ಬಟ್ರಾಸ್ ಮರಿಗಳನ್ನು ಬೇಯಿಸಿ ತಿಂದರು. ಅದನ್ನು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ.

ಇಲ್ಲೊಂದು ವಿಚಿತ್ರ ನಡೆಯಿತು. ದಡ ಸೇರುವಾಗ ದೋಣಿಯ ಚುಕ್ಕಾಣಿ ಕಳಚಿ ಕಡಲಿಗೆ ಬಿದ್ದುಹೋಗಿತ್ತು. ಕೆಲವು ದಿನಗಳ ನಂತರ ಅದೇ ಚುಕ್ಕಾಣಿ ಅಲೆಗಳ ಮೇಲೆ ತೇಲುತ್ತಾ ಅವರಿದ್ದ ಜಾಗಕ್ಕೇ ಬಂತು! ಅಷ್ಟು ದೊಡ್ಡ ಸಾಗರವಿದ್ದರೂ ನೀರಿನ ಚಲನೆ ಅದನ್ನು ಕೊಲ್ಲಿಯೊಳಕ್ಕೇ ತಂದುಹಾಕಿತ್ತು.

ಮೇ 15ರಂದು ದೋಣಿಯನ್ನು ಕೊಲ್ಲಿಯ ತಲೆಗೆ ನಡೆಸಿಕೊಂಡು ಹೋದರು. ಅಲ್ಲಿನ ಮರಳಿನ ಮೇಲೆ ಆನೆ ಸೀಲ್‌ಗಳು ಮಲಗಿದ್ದವು. ಗಂಡು ಆನೆ ಸೀಲ್ ನಾಲ್ಕು ಟನ್‌ವರೆಗೂ ತೂಗಬಲ್ಲದು. ದೊಡ್ಡ ಗಂಡಿನ ಮೂಗು ಸಣ್ಣ ಸೊಂಡಿಲಿನಂತೆ ಜೋತುಬಿದ್ದಿರುವುದರಿಂದ ಅದಕ್ಕೆ ಆ ಹೆಸರು. ಚರ್ಮದ ಕೆಳಗೆ ದಪ್ಪನೆಯ ಕೊಬ್ಬಿನ ಪದರವಿದ್ದು, ಅದು ಕಂಬಳಿಯಂತೆ ದೇಹದ ಶಾಖ ಹೊರಹೋಗದಂತೆ ತಡೆಯುತ್ತದೆ. ಸೀಲ್ ಮಾಂಸ ತಂಡಕ್ಕೆ ಊಟವಾಯಿತು, ಕೊಬ್ಬು ಒಲೆಗೆ ಉರುವಲಾಯಿತು. ದೋಣಿಯನ್ನು ಬೋರಲು ಹಾಕಿ ಅದನ್ನೇ ಮನೆ ಮಾಡಿಕೊಂಡರು.

ಬೆಟ್ಟದ ಆಚೆಗೆ

ಜನರಿದ್ದ ಬಂದರು ದ್ವೀಪದ ಇನ್ನೊಂದು ಬದಿಯಲ್ಲಿತ್ತು. ಸವೆದ ದೋಣಿಯಲ್ಲಿ ದ್ವೀಪವನ್ನು ಸುತ್ತಿ ಬರುವುದು ಸಾಧ್ಯವಿರಲಿಲ್ಲ. ಇಬ್ಬರಿಗೆ ನಡೆಯುವ ಶಕ್ತಿಯೂ ಇರಲಿಲ್ಲ. ಮೂವರನ್ನು ಕೊಲ್ಲಿಯಲ್ಲೇ ಬಿಟ್ಟು ಶ್ಯಾಕಲ್ಟನ್, ವರ್ಸ್ಲಿ ಮತ್ತು ಕ್ರೀನ್ ಬೆಟ್ಟ ದಾಟಲು ನಿರ್ಧರಿಸಿದರು. ನಕ್ಷೆಯಲ್ಲಿ ತೀರದ ಗೆರೆ ಮಾತ್ರ ಇತ್ತು, ಒಳನಾಡು ಖಾಲಿಯಾಗಿತ್ತು. ಅವರ ಬಳಿ ಇದ್ದದ್ದು ಒಂದು ಹಗ್ಗ, ಬಡಗಿಯ ಬಾಚಿ, ಮೂರು ದಿನದ ಊಟ ಮತ್ತು ಒಂದು ಸ್ಟೌ. ಹಿಮದ ಮೇಲೆ ಜಾರದಂತೆ ಮೆಕ್‌ನಿಶ್ ದೋಣಿಯ ಸ್ಕ್ರೂಗಳನ್ನು ಬಿಚ್ಚಿ ಅವರ ಬೂಟುಗಳ ಅಡಿಗೆ ಕೂರಿಸಿಕೊಟ್ಟರು.

ಮೇ 19ರ ಬೆಳಗಿನ ಜಾವ, ಬೆಳದಿಂಗಳಲ್ಲಿ, ಆ ತಗ್ಗಾದ ಹಿಮದ ಇಳಿಜಾರನ್ನು ಹತ್ತಿದರು. ಮಂಜು ಕರಗಿದಾಗ ಕೆಳಗೆ ನೀರು ಕಂಡಿತು. ಸರೋವರವೆಂದುಕೊಂಡು ಇಳಿದರೆ, ಅದು ಆಚೆ ಬದಿಯ ಪೊಸೆಷನ್ ಕೊಲ್ಲಿ! ಅಲ್ಲಿಂದ ತೀರದುದ್ದಕ್ಕೂ ಹೋಗಲು ದಾರಿ ಇಲ್ಲ. ಮತ್ತೆ ಮೇಲೆ ಹತ್ತಿದರು. ಒಂದು ಕಡೆ ಕತ್ತಲಾಗುವ ಮೊದಲು ಕೆಳಗಿಳಿಯಲೇಬೇಕಾಯಿತು. ಎತ್ತರದಲ್ಲೇ ಉಳಿದರೆ ಚಳಿಗೆ ಸಾವು ಖಚಿತ. ಹಗ್ಗವನ್ನು ಸುರುಳಿ ಸುತ್ತಿ, ಮೂವರೂ ಒಬ್ಬರ ಹಿಂದೊಬ್ಬರು ಅದರ ಮೇಲೆ ಕುಳಿತು, ಕಾಣದ ಇಳಿಜಾರಿನಲ್ಲಿ ಜಾರಿಬಿಟ್ಟರು. ಅದೃಷ್ಟವಶಾತ್ ಕೆಳಗೆ ಮೆತ್ತನೆಯ ಹಿಮವಿತ್ತು.

ದಣಿದ ಇಬ್ಬರಿಗೆ ನಿದ್ದೆ ಬಂತು. ಹಿಮದಲ್ಲಿ ಹಾಗೆ ಮಲಗಿದವರು ಮತ್ತೆ ಏಳುವುದಿಲ್ಲ ಎಂದು ಶ್ಯಾಕಲ್ಟನ್‌ಗೆ ಗೊತ್ತಿತ್ತು. ಐದು ನಿಮಿಷಕ್ಕೇ ಅವರನ್ನು ಎಬ್ಬಿಸಿ, ಅರ್ಧ ಗಂಟೆ ಮಲಗಿದ್ದೀರಿ ಎಂದು ಸುಳ್ಳು ಹೇಳಿ ನಡೆಸಿದರು. ಮರುದಿನ ಬೆಳಗ್ಗೆ 7 ಗಂಟೆಗೆ ದೂರದಿಂದ ಸ್ಟ್ರಾಮ್ನೆಸ್ ಕಾರ್ಖಾನೆಯ ಸಿಳ್ಳೆ ಕೇಳಿಸಿತು. ಸುಮಾರು 36 ಗಂಟೆಗಳ ನಡಿಗೆಯ ನಂತರ ಅವರು ಅಲ್ಲಿ ತಲುಪಿದರು. ಆ ರಾತ್ರಿಯೇ ವರ್ಸ್ಲಿ ಹಡಗಿನಲ್ಲಿ ಹೊರಟು ಕೊಲ್ಲಿಯಲ್ಲಿದ್ದ ಮೂವರನ್ನು ಕರೆತಂದರು.

ಎಲಿಫೆಂಟ್ ದ್ವೀಪದಲ್ಲಿ ಇನ್ನೂ 22 ಜನ ಕಾಯುತ್ತಿದ್ದರು. ಶ್ಯಾಕಲ್ಟನ್ ಮೂರು ಸಲ ಹಡಗು ತೆಗೆದುಕೊಂಡು ಹೊರಟರು. ಮೂರು ಸಲವೂ ಮಂಜುಗಡ್ಡೆ ತಡೆಯಿತು. ನಾಲ್ಕನೆಯ ಸಲ, 1916ರ ಆಗಸ್ಟ್ 30ರಂದು, ಚಿಲಿ ದೇಶದ ಯೆಲ್ಚೊ ಎಂಬ ಪುಟ್ಟ ಹಡಗು ಲೂಯಿಸ್ ಪಾರ್ಡೊ ಅವರ ನಾಯಕತ್ವದಲ್ಲಿ ದ್ವೀಪ ಮುಟ್ಟಿತು. 22 ಜನರೂ ಬದುಕಿದ್ದರು. ಆದರೆ ಇದೇ ಯೋಜನೆಗಾಗಿ ಖಂಡದ ಇನ್ನೊಂದು ತೀರದಲ್ಲಿ ಆಹಾರ ಸಂಗ್ರಹಿಸಿಡುತ್ತಿದ್ದ ತಂಡದಲ್ಲಿ ಮೂವರು ಸತ್ತಿದ್ದರು. ಉಳಿದವರನ್ನು ಕರೆತರಲು ಹೋದ ಹಡಗಿನಲ್ಲಿಯೂ ಶ್ಯಾಕಲ್ಟನ್ ಇದ್ದರು.

ಕೊಲ್ಲಿಯ ಋಣ

ಮಕ್ಕಳೇ, ಒಂದು ಮಾತು ಯೋಚಿಸಿ. ಆ ದ್ವೀಪದ ಹಕ್ಕಿಗಳು, ಸೀಲ್‌ಗಳು ಆರು ಜನರ ಪ್ರಾಣ ಉಳಿಸಿದವು. ನಾವು ಮನುಷ್ಯರು ಅವುಗಳಿಗೆ ಏನು ಮಾಡಿದೆವು?

ಶ್ಯಾಕಲ್ಟನ್‌ಗೆ ಆಶ್ರಯ ಕೊಟ್ಟ ಬಂದರುಗಳು ತಿಮಿಂಗಿಲಗಳನ್ನು ಕೊಂದು ಎಣ್ಣೆ ತೆಗೆಯುವ ಕಾರ್ಖಾನೆಗಳು. 1904ರಿಂದ 1965ರವರೆಗೆ ಆ ದ್ವೀಪದಲ್ಲಿ ಸುಮಾರು 1,75,000 ತಿಮಿಂಗಿಲಗಳನ್ನು ಹೀಗೆ ಕೊಯ್ಯಲಾಯಿತು. ಅದಕ್ಕೂ ಮೊದಲೇ ಬೇಟೆಗಾರರು ತುಪ್ಪಳದ ಸೀಲ್‌ಗಳನ್ನು ಬಹುತೇಕ ಮುಗಿಸಿಬಿಟ್ಟಿದ್ದರು. ಹಡಗುಗಳ ಜೊತೆ ಬಂದ ಇಲಿಗಳು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿಗಳನ್ನು ತಿಂದವು.

ತಪ್ಪನ್ನು ತಿದ್ದುವ ಕೆಲಸವನ್ನೂ ಮನುಷ್ಯರೇ ಮಾಡಿದರು. ಬೇಟೆ ನಿಂತ ಮೇಲೆ ತುಪ್ಪಳದ ಸೀಲ್‌ಗಳು ಮತ್ತೆ ಲಕ್ಷಗಟ್ಟಲೆಯಾದವು. ತಿಮಿಂಗಿಲಗಳೂ ಮೆಲ್ಲನೆ ಹಿಂದಿರುಗುತ್ತಿವೆ. 2011ರಿಂದ ಹಲವು ವರ್ಷ ಹೆಲಿಕಾಪ್ಟರ್‌ಗಳಿಂದ ಇಲಿ ಪಾಷಾಣ ಹಾಕಿ, 2018ರಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಿಸಲಾಯಿತು. ಜಗತ್ತಿನಲ್ಲಿ ಆ ದ್ವೀಪದಲ್ಲಿ ಮಾತ್ರ ಮರಿ ಮಾಡುವ, ಗುಬ್ಬಚ್ಚಿ ಗಾತ್ರದ ಪಿಪಿಟ್ ಹಕ್ಕಿಯ ಹಾಡು ಈಗ ಮತ್ತೆ ಕೇಳಿಸುತ್ತಿದೆ. ಆದರೆ ಕಷ್ಟ ಮುಗಿದಿಲ್ಲ. ಮೀನುಗಾರರ ಉದ್ದನೆಯ ಗಾಳದ ಸಾಲುಗಳಿಗೆ ಸಿಕ್ಕಿ ಆಲ್ಬಟ್ರಾಸ್‌ಗಳು ಕಡಿಮೆಯಾಗಿವೆ. 2023ರಲ್ಲಿ ಹಕ್ಕಿಜ್ವರ ದ್ವೀಪವನ್ನು ಮುಟ್ಟಿ ಅನೇಕ ಆನೆ ಸೀಲ್‌ಗಳನ್ನು ಬಲಿ ತೆಗೆದುಕೊಂಡಿತು. ಭೂಮಿಯ ತಾಪ ಏರುತ್ತಿರುವುದರಿಂದ ಅಲ್ಲಿನ ಹಲವು ಹಿಮನದಿಗಳು ಹಿಂದೆ ಸರಿಯುತ್ತಿವೆ.

ಕೊನೆಯ ಯಾತ್ರೆ

ಶ್ಯಾಕಲ್ಟನ್ ಊರಿನಲ್ಲಿ ನೆಮ್ಮದಿಯಾಗಿ ಇರಲಿಲ್ಲ. ಸಾಲ ಬಹಳ ಇತ್ತು, ಹೃದಯದ ಕಾಯಿಲೆ ಇತ್ತು. ಆದರೂ 1921ರಲ್ಲಿ ಕ್ವೆಸ್ಟ್ ಎಂಬ ಹಡಗಿನಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟರು. 1922ರ ಜನವರಿ 5ರ ಬೆಳಗಿನ ಜಾವ ಗ್ರಿಟ್ವಿಕೆನ್ ಬಂದರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಪತ್ನಿಯ ಇಚ್ಛೆಯಂತೆ ಮಾರ್ಚ್ 5ರಂದು ಅಲ್ಲಿಯೇ ಮಣ್ಣು ಮಾಡಲಾಯಿತು. ಸರಿಯಾಗಿ ನೂರು ವರ್ಷಗಳ ನಂತರ, 2022ರ ಮಾರ್ಚ್ 5ರಂದು, ವೆಡೆಲ್ ಸಮುದ್ರದಲ್ಲಿ 3,008 ಮೀಟರ್ ಆಳದಲ್ಲಿ ಎಂಡ್ಯೂರೆನ್ಸ್ ಹಡಗು ಪತ್ತೆಯಾಯಿತು. ಮರ ಕೊರೆಯುವ ಹುಳುಗಳು ಅಲ್ಲಿಲ್ಲದ್ದರಿಂದ ಅದು ಹೆಚ್ಚು ಹಾಳಾಗದೆ ಉಳಿದಿತ್ತು.

ಶ್ಯಾಕಲ್ಟನ್ ಧ್ರುವ ಮುಟ್ಟಲಿಲ್ಲ, ಖಂಡ ದಾಟಲಿಲ್ಲ. ಆದರೆ ಗಾಳಿ, ಪಾಚಿ, ಹಕ್ಕಿ, ಹಿಮ ಇವುಗಳನ್ನು ಓದಿ ತಿಳಿದು, ತನ್ನನ್ನು ನಂಬಿದವರ ಪ್ರಾಣಕ್ಕೆ ಹೆಸರಿಗಿಂತ ಹೆಚ್ಚು ಬೆಲೆ ಕೊಟ್ಟರು. ಆದ್ದರಿಂದಲೇ ಜಗತ್ತು ಇಂದಿಗೂ ಅವರನ್ನು ನೆನೆಯುತ್ತದೆ.

ಮಾಡಿ ನೋಡಿ

1. ಶಾಲೆಯ ಅಂಗಳದಲ್ಲಿ ಏಳು ಮೀಟರ್ ಉದ್ದ, ಎರಡು ಮೀಟರ್ ಅಗಲದ ಗೆರೆ ಎಳೆಯಿರಿ. ಅದರೊಳಗೆ ಆರು ಜನ ಕುಳಿತುಕೊಳ್ಳಿ. ಸಾಮಾನು ಇಡಲು ಜಾಗ ಎಷ್ಟು ಉಳಿಯಿತು?

2. ಮೂರು ಮೀಟರ್ ಉದ್ದದ ದಾರ ಹಿಡಿದು ಇಬ್ಬರು ನಿಲ್ಲಿ. ಅಲೆಮಾರಿ ಆಲ್ಬಟ್ರಾಸ್‌ನ ರೆಕ್ಕೆಗಳ ಅಗಲ ಇದಕ್ಕಿಂತಲೂ ಹೆಚ್ಚು. ನಿಮ್ಮಲ್ಲಿ ಎಷ್ಟು ಜನ ಕೈ ಚಾಚಿ ಸಾಲಾಗಿ ನಿಂತರೆ ಅಷ್ಟು ಅಗಲವಾಗುತ್ತದೆ?

3. ನಿಮ್ಮ ಊರಿನ ಹತ್ತಿರ ನೀರಿದೆ ಎಂದು ತಿಳಿಸುವ ಗಿಡ ಅಥವಾ ಹಕ್ಕಿ ಯಾವುದು? ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿ.